ಎಡಬಲ ತಾತ ಮನೆಯವಳಿಗೆ ಮಾಡಿದ ಹಾಸಿಗೆ

ನಮ್ಮ ಬೀದಿಯ ತಿರುವಿನಲ್ಲಿ ಎರಡು ಮೆಟ್ಟಿಲು ಕೆಳಗಿಳಿದರೆ ಹಾಸಿಗೆ ಅಂಗಡಿ. ಅದರ ಮಾಲೀಕರಿಗೆ ಎಡಬಲ ತಾತ ಎಂದು ಹೆಸರು ಬಿದ್ದು ಎಷ್ಟೋ ವರ್ಷವಾಯಿತು. ಹಾಸಿಗೆ ಬೇಕೆಂದು ಯಾರೇ ಒಳಗೆ ಬಂದರೂ ಅವರು ಉದ್ದ ಅಗಲ ಕೇಳುವ ಮೊದಲು, "ಎಡಕ್ಕೋ, ಬಲಕ್ಕೋ?" ಎಂದು ಕೇಳುತ್ತಾರೆ. ಹೊಸಬರು ಕಣ್ಣು ಕಣ್ಣು ಬಿಡುತ್ತಾರೆ. "ಯಾವ ಮಗ್ಗುಲಿಗೆ ಮಲಗ್ತೀರಿ ಅಂತ ಕೇಳಿದೆ. ಗೊತ್ತಿಲ್ವಾ? ಚಪ್ಪಲಿ ಬಿಡಿ, ಇಲ್ಲಿ ಮಲಗಿ" ಎಂದು ಅಂಗಡಿಯ ನಡುವೆ ಇರುವ ದೊಡ್ಡ ಹಲಗೆಯನ್ನು ತೋರಿಸುತ್ತಾರೆ.

ಆ ಹಲಗೆಯ ಮೇಲೆ ಬ್ಯಾಂಕಿನ ಮ್ಯಾನೇಜರು ಮಲಗಿದ್ದಾರೆ, ತರಕಾರಿ ಮಾರುವವಳು ಮಲಗಿದ್ದಾಳೆ. ಮದುವೆ ಗೊತ್ತಾದ ಹುಡುಗ ಹುಡುಗಿ ಒಂದು ದಿನ ಬಂದಿದ್ದರು. ಹುಡುಗಿ ಎಡಕ್ಕೆ ಎಂದಳು. ಹುಡುಗನೂ ಎಡಕ್ಕೆ ಎಂದ. "ಸರಿ ಹೋಯ್ತು. ಒಬ್ಬರು ಮುಖ ಕೊಟ್ಟಾಗ ಇನ್ನೊಬ್ಬರು ಬೆನ್ನು ಕೊಡ್ತೀರಿ. ಸಂಸಾರ ಅಂದ್ರೆ ಅಷ್ಟೇನೇ, ಚೆನ್ನಾಗಿರ್ತೀರಿ ಹೋಗಿ" ಎಂದರು ತಾತ. ಇನ್ನೊಬ್ಬ ಶಾಲೆಯ ಮೇಷ್ಟ್ರು ತಾನು ಜನ್ಮದಲ್ಲಿ ಅಂಗಾತ ಮಲಗಿದವನಲ್ಲ ಎಂದು ವಾದ ಮಾಡುತ್ತಲೇ ಹಲಗೆಯ ಮೇಲೆ ಒರಗಿದವರು, ಐದೇ ನಿಮಿಷದಲ್ಲಿ ಅಂಗಾತವಾಗಿ ಗೊರಕೆ ಹೊಡೆದರು. ತಾತನ ಹೆಂಡತಿ ಒಂದು ಹೊಸ ಗವಸನ್ನು ಅವರ ಮೇಲೆ ಹೊದಿಸಿ, ಉಳಿದ ಗಿರಾಕಿಗಳಿಗೆ ಬಾಯಿಯ ಮೇಲೆ ಬೆರಳಿಟ್ಟು ತೋರಿಸಿದರು. ಮೇಷ್ಟ್ರು ಎದ್ದಾಗ ಶಾಲೆ ಬಿಟ್ಟು ಮಕ್ಕಳೆಲ್ಲ ಅಂಗಡಿಯ ಮುಂದೆಯೇ ಹಾದು ಹೋಗುತ್ತಿದ್ದರು.

ತಾತ ಈ ಕೆಲಸಕ್ಕೆ ಬಂದದ್ದು ಹದಿನಾರನೇ ವಯಸ್ಸಿನಲ್ಲಿ, ಸೋದರಮಾವನ ಕೈಕೆಳಗೆ. ಹತ್ತಿ ಹಿಂಜುವುದು, ಬೀಜ ಕಸ ಆರಿಸುವುದು, ಅರಳೆಯನ್ನು ಪದರ ಪದರವಾಗಿ ಗವಸಿನೊಳಗೆ ಹರಡುವುದು. ಮೊದಲ ಎರಡು ವರ್ಷ ಮಾವ ಅವರಿಗೆ ಗವಸಿನ ಬಾಯಿ ಹೊಲಿಯಲು ಬಿಡಲಿಲ್ಲವಂತೆ. "ಬಾಯಿ ಹೊಲಿದ ಮೇಲೆ ತಪ್ಪು ತಿದ್ದೋಕಾಗಲ್ಲ. ಅದಕ್ಕೆ ಮೊದಲು ತಪ್ಪು ಮಾಡದೆ ಇರೋದು ಕಲಿ" ಎನ್ನುತ್ತಿದ್ದರಂತೆ. ಆ ಮಾವನಿಂದ ಬಂದ ವಿದ್ಯೆಯಲ್ಲಿ ಒಂದನ್ನು ಈಗ ಬೇರೆ ಯಾರೂ ಮಾಡುವುದಿಲ್ಲ. ಹಳೆಯ ಹಾಸಿಗೆಯನ್ನು ಮತ್ತೆ ತುಂಬಿಸಲು ಯಾರಾದರೂ ತಂದರೆ ತಾತ ಅದನ್ನು ತಕ್ಷಣ ಬಿಚ್ಚುವುದಿಲ್ಲ. ಹಲಗೆಯ ಮೇಲೆ ಹರಡಿ, ಬಾಗಿಲಿನಿಂದ ಓರೆಯಾಗಿ ಬೀಳುವ ಬೆಳಕಿನಲ್ಲಿ ಬಗ್ಗಿ ನೋಡುತ್ತಾರೆ. ಅರಳೆ ಎಲ್ಲೆಲ್ಲಿ ತಗ್ಗಿದೆಯೋ ಅದರ ಸುತ್ತ ಸೀಮೆಸುಣ್ಣದಿಂದ ಗೆರೆ ಎಳೆಯುತ್ತಾರೆ. ಭುಜ ಇಲ್ಲಿ, ಸೊಂಟ ಇಲ್ಲಿ, ಮೊಣಕಾಲು ಇಲ್ಲಿ. ಒಂದು ಸಲ ಒಬ್ಬ ಹೆಂಗಸಿಗೆ, "ನಿಮ್ಮ ಯಜಮಾನ್ರಿಗೆ ಬಲಗಡೆ ಸೊಂಟ ನೋವು ಅಲ್ವಾ?" ಎಂದರು.

"ನಿಮಗೆ ಯಾರು ಹೇಳಿದ್ರು?"

"ಹಾಸಿಗೆ ಹೇಳ್ತು."

"ಇನ್ನೇನೇನು ಹೇಳ್ತಪ್ಪ ಅದು!" ಎಂದು ಆಕೆ ಗಾಬರಿಯಾಗಿ ಹಾಸಿಗೆಯನ್ನು ಮಡಚಲು ಹೋದರು.

ಗವಸು ಹೊಲಿಯುವುದು ತಾತನ ಹೆಂಡತಿಯ ಕೆಲಸ. ಕಿಟಕಿಯ ಪಕ್ಕ ತುಳಿಯುವ ಮಿಷನ್ನು. ತುಂಬಿದ ಹಾಸಿಗೆಯ ಬಾಯನ್ನು ಅವರೇ ದಬ್ಬಣ ಹಿಡಿದು ಮುಚ್ಚುತ್ತಿದ್ದರು. ಮಾತಿನ ಮಲ್ಲಿ. ಪ್ರಶ್ನೆ ತಾತನದಾದರೆ ಉತ್ತರ ಬಹಳ ಸಲ ಆ ಅಜ್ಜಿಯದೇ ಆಗಿರುತ್ತಿತ್ತು. "ಇವರನ್ನ ನೋಡಿದ್ರೇ ಗೊತ್ತಾಗಲ್ವೇನ್ರೀ, ಬೋರಲು ಮಲಗೋರು ಇವರು" ಎನ್ನುತ್ತಿದ್ದರು. ನಲವತ್ತಮೂರು ವರ್ಷದ ಸಂಸಾರದಲ್ಲಿ ತಾತ ಹೆಂಡತಿಯನ್ನು "ಇವಳೇ" ಎಂದು, ಅಜ್ಜಿ ಗಂಡನನ್ನು "ರೀ" ಎಂದು ಕರೆದದ್ದೇ ಹೆಚ್ಚು. ಅಷ್ಟರಲ್ಲೇ ಕೋಪ, ಕರುಣೆ, ಊಟಕ್ಕೆ ಕರೆಯುವುದು ಎಲ್ಲ ನಡೆದುಹೋಗುತ್ತಿತ್ತು.

ಅಂಗಡಿಯ ಮೇಲೆಯೇ ಅವರ ಮನೆ. ಒಂದು ಕೋಣೆ, ಅಡುಗೆಮನೆ, ನೀಲಿ ಸುಣ್ಣ ಬಳಿದ ಗೋಡೆ. ಊರಿಗೆಲ್ಲ ಹಾಸಿಗೆ ಮಾಡಿಕೊಟ್ಟವರ ಮನೆಯ ಹಾಸಿಗೆ ಮಾತ್ರ ಬೇರೆಯವರ ಅಳತೆಯಲ್ಲಿ ಮಿಕ್ಕಿದ ಅರಳೆಯದು, ಗವಸು ಮೂರು ಬಗೆಯ ತುಂಡುಬಟ್ಟೆಯದು. ತಿಂಗಳಿಗೊಮ್ಮೆ ಹಾಸಿಗೆ ತಿರುವಿ ಹಾಕಬೇಕೆಂದು ಗಿರಾಕಿಗಳಿಗೆಲ್ಲ ಉಪದೇಶ ಮಾಡುವ ತಾತ ಮನೆಯದನ್ನು ಒಂಬತ್ತು ವರ್ಷದಿಂದ ತಿರುವಿರಲಿಲ್ಲ. "ಹಾಸಿಗೆ ಇದ್ದಷ್ಟು ಕಾಲು ಚಾಚು ಅಂತಾರೆ. ಗಾದೆ ಮಾಡಿದವನಿಗೆ ನಮ್ಮ ಕೆಲಸ ಗೊತ್ತಿರಲಿಲ್ಲ. ಕಾಲು ಚಾಚಿದಷ್ಟು ಹಾಸಿಗೆ ಮಾಡಬೇಕು" ಎಂದು ತಾತ ಅಂಗಡಿಯಲ್ಲಿ ಹೇಳುವಾಗ, ಅಜ್ಜಿ ಮಿಷನ್ನಿನ ಹಿಂದಿನಿಂದ, "ಆ ಉಪದೇಶ ಮೆಟ್ಟಿಲು ಹತ್ತಲ್ಲ ನೋಡಿ" ಎಂದು ಚುಚ್ಚುತ್ತಿದ್ದರು.

ಅಜ್ಜಿ ಹದಿನೇಳು ದಿನ ಆಸ್ಪತ್ರೆಯಲ್ಲಿದ್ದು ಒಂದು ಗುರುವಾರ ಬೆಳಿಗ್ಗೆ ತೀರಿಕೊಂಡರು. ಅಷ್ಟೂ ದಿನ ಅಂಗಾತ ಮಲಗಿದ್ದರು. ಮೂಗಿಗೆ ನಳಿಕೆ, ಕೈಗೆ ಸೂಜಿ, ಹೊರಳಲು ಬಿಡುತ್ತಿರಲಿಲ್ಲ. ಕೊನೆಯ ದಿನಗಳಲ್ಲಿ ಅವರು ತಾತನಿಗೆ ಹೇಳಿದ್ದು ದೊಡ್ಡ ಮಾತೇನಲ್ಲ. "ರೀ, ಇಲ್ಲಿ ಮಲಗಿದ ಹಾಗೇ ಆಗಲ್ಲ ಕಣ್ರೀ. ಒಂದು ಸಲ ನೆಟ್ಟಗೆ ಮಲಗಬೇಕು" ಎಂದಿದ್ದರು. ಮನೆಗೆ ಕರೆದುಕೊಂಡು ಹೋಗಿ ಮಲಗಿಸುತ್ತೇನೆ ಎಂದು ತಾತ ಮಾತು ಕೊಟ್ಟಿದ್ದರು. ದೇವರ ಎಣಿಕೆ ಬೇರೆಯಿತ್ತು.

ಮಣ್ಣು ಮಾಡಲು ಶನಿವಾರ ಮಧ್ಯಾಹ್ನ ಮೂರು ಗಂಟೆಯ ಸಮಯ ಸಿಕ್ಕಿತು. ಅಲ್ಲಿಯವರೆಗೆ ದೇಹ ಆಸ್ಪತ್ರೆಯಲ್ಲೇ ಉಳಿಯಿತು. ಗುರುವಾರವೇ ಹನ್ನೊಂದು ಗಂಟೆಗೆ ತಾತ ಮಗಳ ಜೊತೆ ಶವಪೆಟ್ಟಿಗೆಯ ಅಂಗಡಿಗೆ ಹೋದರು. ಮಗಳಿಗೆ ನಲವತ್ತು ವರ್ಷ, ಒಂದು ಕಾಲೇಜಿನ ಕಚೇರಿಯಲ್ಲಿ ಕೆಲಸ. ಅಳುವುದನ್ನೆಲ್ಲ ಆಸ್ಪತ್ರೆಯಲ್ಲಿ ಮುಗಿಸಿ, ಈಗ ಏನೇನು ಬೇಕೆಂದು ಒಂದು ಹಾಳೆಯಲ್ಲಿ ಬರೆದುಕೊಂಡು ಬಂದಿದ್ದಳು. ಅಂಗಡಿ ನೋಡಿಕೊಳ್ಳುವಾಕೆ ಐವತ್ತರ ಆಸುಪಾಸಿನ ಹೆಂಗಸು. ಇಬ್ಬರಿಗೂ ನೀರು ಕೊಟ್ಟು, ಕುರ್ಚಿ ಎಳೆದು ಪಕ್ಕದಲ್ಲೇ ಕೂತು, ಫೋಟೋಗಳ ಫೈಲು ತೆರೆದರು.

"ನಿಧಾನಕ್ಕೆ ನೋಡಿ. ಪೆಟ್ಟಿಗೆ ಯಾವುದು, ಗಾಡಿ ಯಾವುದು, ಸ್ಮಶಾನದಲ್ಲಿ ಜಾಗ ಎಲ್ಲಿ, ಹೂವು ಬೇಕಾ, ಗೋರಿಕಲ್ಲು ಈಗಲೇ ಬೇಕಾ ಆಮೇಲಾ. ಒಂದೊಂದೇ ಹೇಳ್ತೀನಿ. ಗೊತ್ತಾಗದಿದ್ರೆ ಹತ್ತು ಸಲ ಕೇಳಿ."

ಮಗಳು ಮೂರನೇ ಪುಟದಲ್ಲೇ ಬೆರಳಿಟ್ಟಳು. ಕೆಂಪು ಪಾಲಿಶಿನ ಪೆಟ್ಟಿಗೆ, ಹಿತ್ತಾಳೆಯ ಹಿಡಿ. "ಇದೇ ಆಗಲಿ. ಅಪ್ಪಾ, ಬೇಡ ಅನ್ನಬೇಡ. ಅಮ್ಮ ಜೀವಮಾನವೆಲ್ಲ ಉಳಿದ ಬಟ್ಟೆ, ಉಳಿದ ಅರಳೆ ಅಂತಲೇ ಕಳೆದಳು. ಇದೊಂದಾದರೂ ಕಣ್ಣಿಗೆ ಕಟ್ಟೋ ಹಾಗಿರಲಿ. ಜಾಗ ಗೇಟಿನ ಹತ್ತಿರ, ಹೊಸ ಭಾಗದಲ್ಲಿ."

ತಾತ ಬೇಡ ಅನ್ನಲಿಲ್ಲ. ಎದ್ದು ಗೋಡೆಯ ಪಕ್ಕ ತೆರೆದಿಟ್ಟಿದ್ದ ಅಂಥದೇ ಪೆಟ್ಟಿಗೆಯ ಹತ್ತಿರ ಹೋದರು. ಹೊಳೆಯುವ ಬಿಳಿ ಬಟ್ಟೆಯ ಮೇಲೆ ಹೆಬ್ಬೆರಳು ಒತ್ತಿದರು. "ಒಳಗೇನಿದೆ ತಾಯಿ ಇದರಲ್ಲಿ?"

"ಫೋಮ್ ಸರ್. ಮೇಲೆ ಸ್ಯಾಟಿನ್."

"ಇದು ಆರು ತಿಂಗಳಿಗೆ ಚಪ್ಪಟೆ ಆಗುತ್ತೆ."

ಮಗಳು ಕಣ್ಣು ಮುಚ್ಚಿಕೊಂಡಳು. "ಅಪ್ಪಾ..."

ಅಂಗಡಿಯಾಕೆ ನಗಲಿಲ್ಲ. "ಹೌದು ಸರ್, ಆಗುತ್ತೆ" ಎಂದರು.

"ಇದನ್ನ ತೆಗೆದುಬಿಡಿ. ಒಳಗಿನ ಹಾಸಿಗೆ ನಾನು ಮಾಡ್ತೀನಿ."

"ಧಾರಾಳವಾಗಿ ಮಾಡಿ. ಯಾರೂ ಬೇಡ ಅನ್ನೋರಿಲ್ಲ. ಪೆಟ್ಟಿಗೆ ಯಾವುದು ಅಂತ ನಾಳೆ ಸಂಜೆ ಐದರೊಳಗೆ ಖಚಿತ ಮಾಡಿದ್ರೆ ಸಾಕು." ಆಕೆ ಪೆನ್ಸಿಲು ತೆಗೆದುಕೊಂಡು ಹಾಳೆಯ ಮೇಲೆ ಬಾಗಿದರು. "ಸಾಮಾನ್ಯವಾಗಿ ಅಂಗಾತ ಮಲಗಿಸ್ತಾರೆ, ಹಾಸಿಗೆ ನಿಮ್ಮದಾದ್ರೆ ನೀವು ಹೇಳಿದ ಹಾಗೆ. ಮಲಗಿಸೋರಿಗೆ ನಾನು ಹೇಳಿಡಬೇಕು ಸರ್. ಅಮ್ಮ ಹೇಗೆ ಮಲಗ್ತಿದ್ರು? ಯಾವ ಮಗ್ಗುಲಿಗೆ?"

ಐವತ್ತೈದು ವರ್ಷದಿಂದ ತಾತ ಊರಿಗೆಲ್ಲ ಕೇಳಿದ ಪ್ರಶ್ನೆ. ಅವರು ಬಾಯಿ ತೆರೆದರು. "ಬಲಕ್ಕೆ" ಎಂದರು. ಅದೇ ಹೊತ್ತಿಗೆ ಮಗಳು "ಎಡಕ್ಕೆ" ಎಂದಳು. ಇಬ್ಬರೂ ಮುಖ ಮುಖ ನೋಡಿಕೊಂಡರು.

"ನಿನಗೆ ಹೇಗೆ ಗೊತ್ತು?" ಎಂದರು ತಾತ.

"ಗೊತ್ತಿಲ್ಲಪ್ಪ, ಅಂದಾಜಿಗೆ ಅಂದೆ. ನಿನಗೆ?"

ತಾತನಿಗೂ ಅದು ಅಂದಾಜೇ. ದಿನವಿಡೀ ಅರಳೆಯ ದೂಳಿನಲ್ಲಿ ಕೂತು ಎದ್ದವರು ಗೋಡೆಯ ಕಡೆ ತಿರುಗಿ ತಲೆ ಇಟ್ಟರೆ ಮುಗಿಯಿತು. ಅಜ್ಜಿ ಮರುದಿನದ ಗವಸು ಕತ್ತರಿಸಿಟ್ಟು ಆಮೇಲೆ ಮಲಗುವವರು, ಗಂಡ ಏಳುವ ಮೊದಲೇ ಎದ್ದಿರುವವರು. ಹೆಂಡತಿ ಮಲಗಿದ್ದನ್ನು ತಾತ ಕಣ್ಣಾರೆ ನೋಡಿದ್ದು ಆಸ್ಪತ್ರೆಯಲ್ಲಿ ಮಾತ್ರ.

"ನಾಳೆ ಹೇಳ್ತೀನಿ ತಾಯಿ" ಎಂದು ಹೊರಬಂದರು.

ಮನೆಗೆ ಅಜ್ಜಿಯ ತಂಗಿ ಬಂದು ಕೂತಿದ್ದರು. ತಾತನಿಗೆ ನಾದಿನಿ, ಅಕ್ಕನಷ್ಟೇ ಬಾಯಿ. ಅತ್ತು ಕಣ್ಣು ಕೆಂಪಾಗಿತ್ತು, ಆದರೂ ತಾತ ಕೇಳಿದ ಪ್ರಶ್ನೆಗೆ ತಲೆ ಎತ್ತಿ ನೋಡಿದರು.

"ಏನು ಭಾವ, ನನ್ನನ್ನ ಕೇಳ್ತಿದ್ದೀರಿ? ಅವಳ ಪಕ್ಕ ನಲವತ್ತಮೂರು ವರ್ಷ ಮಲಗಿದ್ದು ನಾನಾ?"

"ಚಿಕ್ಕವರಿದ್ದಾಗ ಒಟ್ಟಿಗೆ ಮಲಗ್ತಿರಲಿಲ್ವಾ ನೀವು?"

"ಮಲಗ್ತಿದ್ವಿ. ಎಡಕ್ಕೂ ಇಲ್ಲ, ಬಲಕ್ಕೂ ಇಲ್ಲ, ನನ್ನ ಮೇಲೇ ಮಲಗ್ತಿದ್ದಳು. ಅವಳಿಗೆ ಮದುವೆ ಆದ ದಿನ ನಾನು ಎಷ್ಟು ಅತ್ತೆ ಅಂತ ಎಲ್ಲ ಹೇಳ್ತಾರೆ. ಅವತ್ತು ಎಷ್ಟು ಚೆನ್ನಾಗಿ ನಿದ್ದೆ ಮಾಡಿದೆ ಅನ್ನೋದು ನನಗೊಬ್ಬಳಿಗೇ ಗೊತ್ತು."

"ಅದು ಮದುವೆಗೆ ಮುಂಚಿನ ಮಾತು. ಆಮೇಲೆ ಬದಲಾಗಿರಲ್ವಾ?"

"ಅಕ್ಕ? ಬದಲಾಗೋದಾ?" ಎಂದು ನಾದಿನಿ ಮತ್ತೆ ಸೆರಗು ಕಣ್ಣಿಗೆ ಒತ್ತಿಕೊಂಡರು.

ತಾತ ಆ ಮಾತನ್ನು ಹಗುರವಾಗಿ ತೆಗೆದುಕೊಂಡರು. ಆ ರಾತ್ರಿ ಪ್ರಾರ್ಥನೆಗೆ ಕೂತವರು ಬಹಳ ಹೊತ್ತು ಏಳಲಿಲ್ಲ. ಅವರು ಏನು ಕೇಳಿಕೊಂಡರೋ. ಮರುದಿನ ಬೆಳಿಗ್ಗೆ ಎದ್ದವರೇ ಮಗಳನ್ನು ಕರೆದು, "ಹಾಸಿಗೆಯ ಆ ತುದಿ ಹಿಡಿ. ಕೆಳಗೆ ಒಯ್ಯೋಣ" ಎಂದರು.

ಕಡಿದಾದ ಮೆಟ್ಟಿಲು. ಹಾಸಿಗೆಯನ್ನು ಇಳಿಸುವಾಗ ಅದು ಎರಡು ಸಲ ತಿರುಗಿ, ಒಂದು ಸಲ ಮಗಳ ತಲೆಯ ಮೇಲೆಯೇ ಕೂತಿತು. ನಾದಿನಿ ಹಿಂದಿನಿಂದ ದಾರಿ ಹೇಳುತ್ತ ಬಂದರು. ಅಂಗಡಿಯ ಹಲಗೆಯ ಮೇಲೆ ಹರಡಿ, ಮೇಲುಹಾಸು ತೆಗೆದು, ತಾತ ಅರ್ಧ ಬಾಗಿಲು ಮುಚ್ಚಿ ಬೆಳಕನ್ನು ಓರೆ ಮಾಡಿಕೊಂಡರು. ಸೀಮೆಸುಣ್ಣ ಹಿಡಿದು ಬಗ್ಗಿದರು.

ಹಾಸಿಗೆಯ ಒಂದು ಅಂಚಿನಲ್ಲಿ ಕಿರಿದಾದ ಒಂದು ತಗ್ಗು. ತಲೆಯಿಂದ ಕಾಲಿನವರೆಗೆ ನೆಟ್ಟಗೆ, ಮಳೆನೀರು ಹರಿಯುವ ಕಾಲುವೆಯ ಹಾಗೆ. ಅದರಲ್ಲಿ ಮಲಗಿದವರು ಕೈಯನ್ನು ಮೈಗೆ ಅಂಟಿಸಿಕೊಂಡು, ಹೊರಳದೆ, ಉಸಿರು ಬಿಡಲೂ ಯಾರನ್ನೋ ಕೇಳಬೇಕು ಎಂಬಂತೆ ಮಲಗಿದ್ದರು. ಉಳಿದ ಹಾಸಿಗೆ ಪೂರ್ತಿ ಇನ್ನೊಬ್ಬರದು. ದೊಡ್ಡ ಭುಜದ ತಗ್ಗು, ಅದಕ್ಕಿಂತ ದೊಡ್ಡ ಸೊಂಟದ ತಗ್ಗು, ಚಾಚಿದ ಕೈ, ಕಾಲುವೆಯ ದಡದವರೆಗೂ ನುಗ್ಗಿದ ಮೊಣಕಾಲು.

ತಾತ ಕಾಲುವೆಯ ಅಗಲಕ್ಕೆ ಟೇಪು ಹಿಡಿದರು. ಇಪ್ಪತ್ತು ಇಂಚು. ಅವರು ಹಲಗೆಯ ಅಂಚಿನಲ್ಲಿ ಕೂತುಬಿಟ್ಟರು.

"ನೋಡು ಮಗಳೇ" ಎಂದರು. "ನಿಮ್ಮಮ್ಮ ಇಷ್ಟರಲ್ಲಿ ಮಲಗಿದಳು. ಇಪ್ಪತ್ತು ಇಂಚಿನಲ್ಲಿ. ನಾನು ಕೈಕಾಲು ಚೆಲ್ಲಿಕೊಂಡು ಬಿದ್ದಿದ್ದೆ, ಮೃಗದ ಹಾಗೆ. ಒಂದು ದಿನವೂ ಏನೂ ಅನ್ನಲಿಲ್ಲ ಅವಳು. ನೆಟ್ಟಗೆ ಮಲಗಬೇಕು ಅಂದದ್ದು ಇದಕ್ಕೇ ಏನೋ. ನನಗೆ ದೇವರು ಕಣ್ಣು ಕೊಟ್ಟಿದ್ದು ಬೇರೆಯವರ ಹಾಸಿಗೆ ನೋಡೋಕೆ ಮಾತ್ರ."

ಮಗಳು ಅಪ್ಪನ ಬೆನ್ನ ಮೇಲೆ ಕೈಯಿಟ್ಟು ಅಳತೊಡಗಿದಳು. ನಾದಿನಿ ಮಾತ್ರ ಅಳಲಿಲ್ಲ. ಹಾಸಿಗೆಯ ಸುತ್ತ ಒಂದು ಸುತ್ತು ಬಂದರು. ಕಾಲುವೆ ಇದ್ದ ಅಂಚಿನ ಹತ್ತಿರ ನಿಂತು, ಗವಸಿನ ಮೇಲೆ ಬೆರಳು ತಿಕ್ಕಿ, ಬೆರಳನ್ನು ಬೆಳಕಿಗೆ ಹಿಡಿದರು.

"ಭಾವ, ಗೋಡೆ ಪಕ್ಕ ಮಲಗ್ತಿದ್ದಿದ್ದು ಯಾರು?"

"ನಾನು. ಅವಳು ಮೊದಲು ಏಳ್ತಿದ್ದಳಲ್ಲ, ಈಚೆ ಕಡೆ ಅವಳದು."

"ನಿಮ್ಮ ಗೋಡೆ ಬಣ್ಣ ಯಾವುದು?"

"ನೀಲಿ. ಯಾಕೆ?"

ನಾದಿನಿ ಬೆರಳನ್ನು ತಾತನ ಮೂಗಿನ ಹತ್ತಿರ ತಂದರು. ಬೆರಳ ತುದಿಯಲ್ಲಿ ನೀಲಿ ಸುಣ್ಣದ ಪುಡಿ. ಕಾಲುವೆಯ ಪಕ್ಕದ ಅಂಚಿನುದ್ದಕ್ಕೂ, ಒಂಬತ್ತು ವರ್ಷ ಗೋಡೆಗೆ ತಿಕ್ಕಿ ತಿಕ್ಕಿ ಹತ್ತಿದ ನೀಲಿ.

"ಈ ಕಾಲುವೆ ನಿಮ್ಮದು ಭಾವ. ಆ ಸಮುದ್ರ ನಮ್ಮಕ್ಕಂದು."

ತಾತ ಹಾಸಿಗೆಯನ್ನು ನೋಡಿದರು, ಗೋಡೆಯಂಚಿನ ನೀಲಿಯನ್ನು ನೋಡಿದರು, ತಮ್ಮ ತೆಳ್ಳನೆಯ ಮೈಯನ್ನು ನೋಡಿಕೊಂಡರು. "ನಾನಾ?" ಎಂದರು. "ಇಷ್ಟರಲ್ಲಾ?" ಆಮೇಲೆ ಅವರ ಹೊಟ್ಟೆಯೊಳಗಿಂದ ನಗು ಬಂತು. ತಡೆಯಲು ನೋಡಿದರು, ಆಗಲಿಲ್ಲ. "ನಲವತ್ತಮೂರು ವರ್ಷ! ನನ್ನನ್ನ ಗೋಡೆಗೆ ಒತ್ತರಿಸಿ, ಬೆಳಿಗ್ಗೆ ಎದ್ದು 'ರೀ, ನಿದ್ದೆ ಚೆನ್ನಾಗಿ ಬಂತಾ' ಅಂತ ಕೇಳ್ತಿದ್ದಳಲ್ಲೇ ಇವಳು!"

"ನಾನು ಹೇಳಲಿಲ್ವಾ ಬದಲಾಗಲ್ಲ ಅಂತ? ನನ್ನ ಪುಣ್ಯ, ನೀವು ಸಿಕ್ಕಿದಿರಿ" ಎಂದರು ನಾದಿನಿ. ಗುರುವಾರದಿಂದ ಮೊದಲ ಸಲ ಮಗಳು ನಕ್ಕಳು. ನಕ್ಕದ್ದಕ್ಕೆ ತಾನೇ ಬೆಚ್ಚಿ ಬಾಗಿಲ ಕಡೆ ನೋಡಿದಳು.

ಈಗ ತಾತ ಕಣ್ಣೊರೆಸಿಕೊಂಡು ಮತ್ತೆ ಬಗ್ಗಿದರು. ಎಡ ಮಗ್ಗುಲು, ಮುಖ ಗೋಡೆಯ ಕಡೆಗೆ. ಅಂದರೆ ಗಂಡನ ಕಡೆಗೆ. ಎಡತೋಳು ತಲೆಯ ಕೆಳಗೆ. ಬಲಗೈ ಮುಂದಕ್ಕೆ ಚಾಚಿ, ಬಲ ಮೊಣಕಾಲು ಮಡಿಚಿ ಮುಂದಕ್ಕೆ ಎಸೆದದ್ದು. ಗೆರೆ ಎಳೆದು ಟೇಪು ಹಿಡಿದಾಗ ಅಗಲ ಮೂವತ್ತನಾಲ್ಕು ಇಂಚು ಬಂತು.

"ಮೂವತ್ತನಾಲ್ಕು" ಎಂದು ಮಗಳು ಹಾಳೆ ನೋಡಿದಳು. ನಗು ನಿಂತಿತು. "ಅಪ್ಪಾ, ಪಾಲಿಶ್ ಪೆಟ್ಟಿಗೆ ಒಳಗೆ ಇಪ್ಪತ್ತೆರಡೇ ಇಂಚು ಇರೋದು. ಅದು ತಯಾರಾಗಿ ಬರುತ್ತೆ, ಅಗಲ ಮಾಡೋಕಾಗಲ್ಲ."

"ಹಾಗಾದ್ರೆ ಅದು ಬೇಡ."

"ಬೇಡ ಅಂದ್ರೆ? ಸಾದಾ ಹಲಗೆ ಹೊಡೆದು ಮಾಡಿಸೋದಾ? ಗೇಟಿನ ಹತ್ತಿರದ ಜಾಗದಲ್ಲೂ ಅಳತೆ ಒಂದೇ, ಗುಂಡಿಗೆ ಸಿಮೆಂಟು ಕಟ್ಟಿಬಿಟ್ಟಿದ್ದಾರೆ. ಅಗಲ ಬೇಕು ಅಂದ್ರೆ ಹಿಂದೆ, ಹಳೇ ಭಾಗದಲ್ಲಿ, ಕಾಂಪೌಂಡಿನ ಮೂಲೆಗೆ ಹೋಗಬೇಕು. ಬಂದೋರು ಏನಂತಾರೆ? ಕೊನೆಗೂ ಇವಳಿಗೆ ಮೂಲೆ, ಇವಳಿಗೆ ಹಲಗೆ ಅನ್ನಲ್ವಾ? ಒಂದು ದಿನವಾದರೂ ಅಮ್ಮನಿಗೆ ಒಳ್ಳೇದು ಮಾಡೋಣ ಅಂದ್ರೆ..."

"ಒಳ್ಳೇದೇ ಮಾಡ್ತಿದ್ದೀನಿ ಮಗಳೇ."

"ನೀನು ನಿನ್ನ ಕೆಲಸ ಮಾಡ್ತಿದ್ದೀಯ ಅಪ್ಪ. ನಾನು ಅಮ್ಮನ ಮಾತಾಡ್ತಿದ್ದೀನಿ."

ಇದು ಚುಚ್ಚುವ ಮಾತೇ. ತಾತ ಎದುರಾಡಲಿಲ್ಲ. ಮಗಳು ಹೇಳುವುದೂ ಪ್ರೀತಿಯ ಮಾತೇ ಎಂದು ಅವರಿಗೆ ಗೊತ್ತಿತ್ತು. ಹಳೆಯ ಹಾಸಿಗೆಯನ್ನು ಪಕ್ಕಕ್ಕೆ ಒರಗಿಸಿ, ಅದರ ಗೆರೆಗಳನ್ನು ಹಾಗೆಯೇ ಹಲಗೆಯ ಮೇಲೆ ಎಳೆದರು. ಬದಿಗೆ ಒಂದು ಮರದ ಪಟ್ಟಿ ಇಟ್ಟು ಮೂವತ್ತನಾಲ್ಕು ಇಂಚಿಗೆ ಗುರುತು ಮಾಡಿದರು. ಆಮೇಲೆ ಮಗಳಿಗೆ, "ನೀನು ನಿಮ್ಮಮ್ಮನಷ್ಟೇ ಎತ್ತರ. ಒಂದು ಸಲ ಮಲಗು. ಅಳತೆ ಸರಿಯಾಗಿದೆಯಾ ನೋಡಬೇಕು" ಎಂದರು.

ಅಂಗಡಿಯ ಮಗಳಾಗಿಯೂ ಆಕೆ ಎಂದೂ ಆ ಹಲಗೆಯ ಮೇಲೆ ಮಲಗಿದವಳಲ್ಲ. ಚಿಕ್ಕಂದಿನಲ್ಲಿ ಗಿರಾಕಿಗಳ ಮುಂದೆ ನಾಚಿಕೆ, ಆಮೇಲೆ ಕಾಲೇಜು, ಕೆಲಸ. ಚಪ್ಪಲಿ ಬಿಟ್ಟು ಗೆರೆಗಳ ನಡುವೆ ಮಲಗಿದಳು. ತಾತ "ಕೈ ಹೀಗೆ, ಕಾಲು ಹೀಗೆ" ಎಂದು ಹೇಳಲು ಬಾಯಿ ತೆರೆಯುವಷ್ಟರಲ್ಲಿ ಅವಳು ಎಡಕ್ಕೆ ಹೊರಳಿ, ಎಡತೋಳು ತಲೆಯ ಕೆಳಗಿಟ್ಟು, ಬಲಗೈ ಚಾಚಿ, ಬಲ ಮೊಣಕಾಲು ಎಸೆದಾಗಿತ್ತು. ಯಾರೂ ಹೇಳಿಕೊಡಲಿಲ್ಲ. ಗೆರೆಯ ಮೇಲೆ ಗೆರೆ ಕೂತ ಹಾಗೆ ಕೂತಿತು.

"ಅಯ್ಯೋ ದೇವರೇ" ಎಂದರು ನಾದಿನಿ. "ನಿನ್ನ ಗಂಡ ಎಲ್ಲಿ ಮಲಗ್ತಾನೆ?"

"ಹೊರಗಡೆ ದಿವಾನದ ಮೇಲೆ" ಎಂದಳು ಮಗಳು, ಮಲಗಿದಲ್ಲಿಂದಲೇ. "ಬೆನ್ನು ನೋವು ಅಂತಾರೆ."

"ಬೆನ್ನು ನೋವಂತೆ!"

ಮಗಳು ಏಳಲಿಲ್ಲ. ಕಣ್ಣು ಮುಚ್ಚಿಕೊಂಡು ಸ್ವಲ್ಪ ಹೊತ್ತು ಹಾಗೆಯೇ ಇದ್ದಳು. ಬೀದಿಯಲ್ಲಿ ಯಾರೋ ಸೈಕಲ್ ಬೆಲ್ಲು ಹೊಡೆದುಕೊಂಡು ಹೋದರು. ಕಣ್ಣಿನಿಂದ ಮೂಗಿನ ಮೇಲೆ ಹಾದು ನೀರು ಹಲಗೆಗೆ ಬಿತ್ತು. ಆಮೇಲೆ ಚಾಚಿದ ಕೈಯನ್ನು ಮರದ ಪಟ್ಟಿಗೆ ತಾಗಿಸಿ ನೋಡಿದಳು.

"ಅಪ್ಪಾ, ಇಲ್ಲಿ ಬೆರಳು ತಾಗುತ್ತೆ. ಇನ್ನೂ ನಾಲ್ಕು ಬೆರಳು ಅಗಲ ಬೇಕು."

ತಾತ ಪಟ್ಟಿಯನ್ನು ನಾಲ್ಕು ಬೆರಳು ಸರಿಸಿದರು. ಮತ್ತೆ ಪಾಲಿಶ್ ಪೆಟ್ಟಿಗೆಯ ಮಾತು ಬರಲಿಲ್ಲ.

ಆ ಮಧ್ಯಾಹ್ನ ಮೂವರೂ ಕೆಲಸಕ್ಕೆ ಕೂತರು. ಮಾರುವುದಕ್ಕೆಂದು ಮೇಲಿನ ಗೂಡಿನಲ್ಲಿಟ್ಟಿದ್ದ ಬೂರುಗದ ಅರಳೆಯ ಹೊಸ ಮೂಟೆಯನ್ನು ತಾತ ಒಡೆದರು. ಗವಸಿಗೆ ಬಟ್ಟೆ ಆರಿಸಿದವಳು ಮಗಳು. ಥಾನುಗಳನ್ನೆಲ್ಲ ಕೆಳಗಿಳಿಸಿ, ಇದ್ದುದರಲ್ಲಿ ಅತ್ಯಂತ ನಯವಾದ, ತೆಳು ಹಸಿರು ಗೆರೆಯ ಬಟ್ಟೆಯನ್ನು ತೆಗೆದು, "ಇದರಲ್ಲಿ ತುಂಡು ಹಾಕಿ ಸೇರಿಸೋ ಹಾಗಿಲ್ಲ. ಇಡೀ ಬಟ್ಟೆ" ಎಂದು ಅಪ್ಪಣೆ ಮಾಡಿದಳು. ಅಜ್ಜಿಯ ಮಿಷನ್ನಿನಲ್ಲಿ ನಾದಿನಿ ಹೊಲಿದರು. ಅವರ ಹೊಲಿಗೆ ಸೊಟ್ಟಗಾದಲ್ಲೆಲ್ಲ "ಅಕ್ಕ ನೋಡಿದ್ರೆ ಬಿಚ್ಚಿಸ್ತಿದ್ದಳು" ಎನ್ನುತ್ತ ತಾವೇ ಬಿಚ್ಚಿ ಮತ್ತೆ ಹೊಲಿದರು. ತಾತ ಭುಜದ ಕೆಳಗೆ ಅರಳೆ ಸಡಿಲ ಬಿಟ್ಟರು, ಸೊಂಟದ ಕೆಳಗೆ ಗಟ್ಟಿ ಹಾಕಿದರು. ಎಸೆದ ಮೊಣಕಾಲಿಗೆ ಒಂದು ಪುಟ್ಟ ದಿಂಬು ಬೇರೆ ಮಾಡಿದರು. ಗವಸಿನ ಬಾಯಿ ಮುಚ್ಚಲು ತಾವೇ ದಬ್ಬಣ ಹಿಡಿದರು. ಆ ಕೆಲಸ ಬಿಟ್ಟು ಎಷ್ಟೋ ವರ್ಷವಾಗಿತ್ತು. ಇಪ್ಪತ್ತು ಹೊಲಿಗೆ ಹಾಕಲು ಅರ್ಧ ಗಂಟೆ ಹಿಡಿಯಿತು.

ಐದಕ್ಕೆ ಇನ್ನೂ ಹತ್ತು ನಿಮಿಷ ಇರುವಾಗ ತಾತ ಮತ್ತು ಮಗಳು ಪೆಟ್ಟಿಗೆ ಅಂಗಡಿಯಲ್ಲಿದ್ದರು. ಅಂಗಡಿಯಾಕೆ ಅಳತೆ ನೋಡಿ ಹುಬ್ಬೇರಿಸಲಿಲ್ಲ.

"ಸಾದಾ ಹಲಗೆ, ಹಗ್ಗದ ಹಿಡಿ. ಬಡಗಿ ನಾಳೆ ಬೆಳಿಗ್ಗೆ ಮುಗಿಸ್ತಾನೆ. ಗಾಜಿನ ಗಾಡಿಗೆ ಇದು ಹಿಡಿಯಲ್ಲ, ತೆರೆದ ವ್ಯಾನು ಆಗಬಹುದಾ? ಹೊರೋಕೆ ಎಂಟು ಜನ ಬೇಕು."

"ಇದ್ದಾರೆ" ಎಂದಳು ಮಗಳು. "ಅಂಗಾತ ಇರೋರನ್ನ ಮಗ್ಗುಲಿಗೆ ಮಲಗಿಸೋಕೆ ಆಗುತ್ತಾ? ಕೈಕಾಲು..."

"ಆಗುತ್ತಮ್ಮ. ನಾಳೆ ಹೊತ್ತಿಗೆ ಮೈಯ ಬಿಗಿ ಬಿಟ್ಟಿರುತ್ತೆ. ನಾನೇ ಬಂದು ಮಲಗಿಸ್ತೀನಿ." ಆಕೆ ಪೆನ್ಸಿಲು ಹಿಡಿದು ತಾತನ ಕಡೆ ನೋಡಿದರು.

"ಎಡಕ್ಕೆ" ಎಂದರು ತಾತ.

ಶನಿವಾರ ಪ್ರಾರ್ಥನೆಯ ಕೋಣೆಯಲ್ಲಿ ಪೆಟ್ಟಿಗೆಯ ಮುಚ್ಚಳ ತೆಗೆದಿಟ್ಟಿದ್ದರು. ಬೀದಿಯ ಜನ ಬಂದರು, ಹಾಸಿಗೆ ಮಾಡಿಸಿದವರು ಬಂದರು, ಗೊರಕೆ ಹೊಡೆದಿದ್ದ ಮೇಷ್ಟ್ರು ಕೋಲು ಊರಿಕೊಂಡು ಬಂದರು. ಬಾಗಿಲಲ್ಲಿ ಏನೋ ಮಾತಾಡಿಕೊಂಡು ಬಂದವರೆಲ್ಲ ಪೆಟ್ಟಿಗೆಯ ಹತ್ತಿರ ತಲುಪುತ್ತಿದ್ದಂತೆ ದನಿ ತಗ್ಗಿಸಿದರು. ಸತ್ತವರ ಮುಂದೆ ತಗ್ಗಿಸುವ ದನಿಯಲ್ಲ ಅದು. ಅಜ್ಜಿ ತೋಳಿನ ಮೇಲೆ ಕೆನ್ನೆ ಇಟ್ಟು, ಒಂದು ಕೈ ಚಾಚಿ, ಮೊಣಕಾಲು ಮಡಿಚಿ ಮಲಗಿದ್ದರು. ಬೆರಳ ತುದಿಗೂ ಹಲಗೆಗೂ ನಡುವೆ ತುಸು ಜಾಗವಿತ್ತು. ಯಾರಾದರೂ ಜೋರಾಗಿ ಮಾತಾಡಿದರೆ ಎದ್ದು "ಎಷ್ಟು ಗಂಟೆಯಾಯ್ತು" ಎಂದು ಕೇಳುವ ಹಾಗಿದ್ದರು. ಪ್ರಾರ್ಥನೆ ಹೇಳಲು ಬಂದ ಹಿರಿಯರದು ದೊಡ್ಡ ಗಂಟಲು. ಅವರೂ ಅಂದು ಮೆಲ್ಲಗೆ ಹೇಳಿದರು. ನಿನ್ನ ಪ್ರೀತಿಪಾತ್ರರಿಗೆ ನಿದ್ದೆ ಕೊಡುವವನು ನೀನೇ ಎಂಬ ಮಾತು ಬಂದಾಗ ತಾತ ತಲೆಯಾಡಿಸಿದರು, ಕೆಲಸ ಬಲ್ಲವನೊಬ್ಬ ಇನ್ನೊಬ್ಬ ಕೆಲಸ ಬಲ್ಲವನನ್ನು ಒಪ್ಪಿಕೊಳ್ಳುವ ಹಾಗೆ.

ಹಳೇ ಭಾಗದ ಜಾಗ ನಿಜಕ್ಕೂ ಮೂಲೆಯೇ. ಆದರೆ ನೆರಳಿತ್ತು. ಗುಂಡಿ ತೋಡುವವನು ಮಣ್ಣನ್ನು ಅಚ್ಚುಕಟ್ಟಾಗಿ ಒಂದು ಬದಿಗೆ ರಾಶಿ ಹಾಕಿ, ಹಗ್ಗ ಹಿಡಿದು ಕಾಯುತ್ತಿದ್ದ. ಎಂಟು ಜನ ಪೆಟ್ಟಿಗೆ ಇಳಿಸಿ ಅಂಚಿನಲ್ಲಿಟ್ಟರು.

"ಇಲ್ಲಿ ಎಲ್ಲರದೂ ತಲೆ ಆ ತುದಿಗೆ" ಎಂದ ಅವನು. "ಹಾಗೇ ಇಳಿಸೋಣ ಅಲ್ವಾ?"

ತಾತ ಪೆಟ್ಟಿಗೆಯನ್ನೂ ಗುಂಡಿಯನ್ನೂ ಒಂದು ಸಲ ನೋಡಿದರು. "ಹಾಗೆ ಇಳಿಸಿದ್ರೆ ಮುಖ ಯಾವ ಕಡೆ ಬರುತ್ತೆ?"

"ದಾರಿ ಕಡೆಗೆ."

"ಒಳ್ಳೇದಾಯ್ತಲ್ಲಪ್ಪ" ಎಂದಳು ಮಗಳು. "ನಾವು ಬರುವಾಗ ನಮ್ಮ ಕಡೆ ಮುಖ ಇರುತ್ತೆ."

"ತಿರುಗಿಸಿ" ಎಂದರು ತಾತ. "ತಲೆ ಈ ತುದಿಗೆ ಬರಲಿ. ಮುಖ ಕಾಂಪೌಂಡಿನ ಕಡೆಗೆ."

ಗುಂಡಿ ತೋಡುವವನು ಕಾಂಪೌಂಡು ಗೋಡೆಯನ್ನು ನೋಡಿದ. "ಆ ಕಡೆ ಏನಿದೆ ತಾತ? ಎರಡಡಿ ಜಾಗ, ಆಮೇಲೆ ಗೋಡೆ. ಅಷ್ಟರಲ್ಲಿ ಯಾರನ್ನೂ ಮಲಗಿಸೋಕೂ ಆಗಲ್ಲ."

"ಎರಡಡಿ ಇದೆಯಾ?" ಎಂದರು ತಾತ. "ಮನೇಲಿ ನನಗೆ ಇಪ್ಪತ್ತೇ ಇಂಚು ಇತ್ತು."

ಅವನಿಗೆ ಅರ್ಥವಾಗಲಿಲ್ಲ. ಮಗಳಿಗೆ ಆಯಿತು. ಅವಳು ಕಣ್ಣೊರೆಸಿಕೊಂಡು ಪೆಟ್ಟಿಗೆಯ ಒಂದು ಹಗ್ಗವನ್ನು ತಾನೇ ಹಿಡಿದಳು. ಎಲ್ಲರೂ ಸೇರಿ, ಒಳಗಿರುವವರಿಗೆ ಎಚ್ಚರವಾಗದ ಹಾಗೆ, ಪೆಟ್ಟಿಗೆಯನ್ನು ಮೆಲ್ಲಗೆ ತಿರುಗಿಸಿದರು.